ಗುಡ್ಡದ ಬೂದಿ

ಈಗಲೂ ವಿಭೂತಿಯನ್ನು ಹಣೆಗೆ ಹಚ್ಚುವ ಮೊದಲು ನಾನು ಮೂಗಿಗೆ ಹಿಡಿದು ನೋಡುತ್ತೇನೆ.

ಅದು ನಿಜಾಮರ ಕಾಲ. ಕಲಬುರ್ಗಿಯಿಂದ ಕಮಲಾಪುರಕ್ಕೆ ಹೊರಟಿದ್ದ ನಮ್ಮ ಬಂಡಿಯನ್ನು ಸೋದರಮಾವ ಗುಡ್ಡದ ತಿರುವಿನಲ್ಲಿ ನಿಲ್ಲಿಸಿದ. ಕೆಳಗೆ ಅಡವಿಯೆಲ್ಲ ಕರ್ರಗೆ ಸುಟ್ಟು ಬಿದ್ದಿತ್ತು. ಹಿಂದಿನ ವಾರ, ತಾನು ಚಾಕರಿಗಿದ್ದ ಸಾಹೇಬರ ಶಿಕಾರಿಗೆ ಜಿಂಕೆ, ಹಂದಿಗಳು ಹೊರಬೀಳಲೆಂದು ಹುಲ್ಲಿಗೆ ಬೆಂಕಿ ಹಚ್ಚಿಸಿದವನು ಅವನೇ.

"ನೋಡು ಯವ್ವಾ, ಈಗ ಎಷ್ಟು ದೂರ ಕಾಣ್ತದ! ಸಾಹೇಬರು ಭಾಳ ಖುಷ್ ಆದ್ರು," ಎಂದು ತನ್ನ ತಾಯಿಗೆ, ಅಂದರೆ ನನ್ನ ಅಜ್ಜಿಗೆ, ಹೇಳಿದ.

ಬುತ್ತಿ ಬಿಚ್ಚಿದಾಗ ವಿಭೂತಿ ಮನೆಯಲ್ಲೇ ಉಳಿದದ್ದು ಗೊತ್ತಾಯಿತು. ಬರೀ ಹಣೆಯಲ್ಲಿ ನಮ್ಮವರು ತುತ್ತು ಮುಟ್ಟುವುದಿಲ್ಲ. ಮಾವ ಇಳಿಜಾರಿಗಿಳಿದು ಒಂದು ಹಿಡಿ ಬೂದಿ ತಂದ. "ಯಾವ ಬೂದಿ ಆದ್ರೇನು?" ಎನ್ನುತ್ತ ತನ್ನ ಹಣೆಗೂ ನನ್ನ ಹಣೆಗೂ ಮೂರು ಬೆರಳು ಎಳೆದ.

ಅದು ಉದುರಲಿಲ್ಲ, ಜಿಡ್ಡಾಗಿ ಅಂಟಿತು. ಸುಟ್ಟ ಕೂದಲಿನ ನಾತ ಹೊಡೆಯಿತು.

"ಥೂ! ಅದರಾಗ ಯಾವ ಜೀವದ ನೆಣ ಕರಗೇದೋ!" ಅಜ್ಜಿ ಸೆರಗಿನಿಂದ ನನ್ನ ಹಣೆಯನ್ನು ಉರಿಯುವಷ್ಟು ತಿಕ್ಕಿದಳು. ನಾನು ಬಂಡಿಯ ಗಾಲಿ ಹಿಡಿದು ವಾಂತಿ ಮಾಡಿಕೊಂಡೆ.

ಮಾವ ಅದೇ ಹಣೆಯಲ್ಲಿ ಕೂತು ರೊಟ್ಟಿ ಮುರಿದ.

"ಯವ್ವಾ," ಎಂದ, "ತುಪ್ಪ ಇನ್ನಷ್ಟು ಹಾಕು."