ಬುಲೆಟ್ಟಿನ ಸಪ್ಪಳ

ಪೊಲೀಸ್ ಠಾಣೆಯ ಬುಲೆಟ್ ಓಣಿಗೆ ಬಂದಾಗಲೆಲ್ಲ ನೀಲವ್ವ ಕೈಯಲ್ಲಿದ್ದ ಕೆಲಸ ಬಿಟ್ಟು ಬಾಗಿಲಿಗೆ ಓಡುತ್ತಿದ್ದಳು. ಗಂಡ ಚನ್ನವೀರ ಬಂದರೆ ತಲೆಯೆತ್ತಿಯೂ ನೋಡುತ್ತಿರಲಿಲ್ಲ. ಆ ಬುಲೆಟ್ಟಿನ ಮೇಲೆ ಬರುವ ಫೌಜದಾರನ ಹುರಿಮೀಸೆ ನೆನಪಾದರೆ ಚನ್ನವೀರ ಉಣ್ಣುತ್ತಿದ್ದ ತಾಟು ಸರಿಸಿ ಏಳುತ್ತಿದ್ದ.

ಬುಲೆಟ್ ಹರಾಜಾಗಿ ಹಳೆ ಗಾಡಿ ಮಾರುವ ಅಂಗಡಿ ಸೇರಿದ್ದೇ ತಡ, ಚನ್ನವೀರ ಅಲ್ಲಿಗೆ ಹೋಗಿ ನಿಂತ.

“ಸೈಲೆನ್ಸರ್ ಬದಲಿ ಮಾಡಿ ಕೊಡ್ಲೇನ್ರಿ? ಭಾಳ ಸಪ್ಪಳ ಮಾಡತೈತಿ,” ಎಂದ ಅಂಗಡಿಯವ.

“ಬ್ಯಾಡ. ನನಗ ಬೇಕಾಗಿದ್ದಽ ಆ ಸಪ್ಪಳ.”

ಇನ್ನು ಮೇಲೆ ಅವಳು ತನಗಾಗಿ ಓಡಿಬರಲಿ ಎಂಬ ಹಟದಲ್ಲೇ ಗಾಡಿಯನ್ನು ಮನೆಯ ಮುಂದೆ ತಂದು ನಿಲ್ಲಿಸಿದ. ಹೆಲ್ಮೆಟ್ ತೆಗೆಯುವ ಮೊದಲೇ ನೀಲವ್ವ ಓಡಿಬಂದಳು. ಬಾಗಿಲಿಗೆ ಅಡ್ಡ ನಿಂತು ಕೈಮುಗಿದಳು.

“ನಮ್ಮವರು ಇಸ್ಪೀಟು ಬಿಟ್ಟಾರ್ರೀ ಸಾಹೇಬ್ರ. ಮತ್ತ ಹಿಡಕೊಂಡು ಹೋಗಬ್ಯಾಡ್ರಿ.”