ಉಪಕರಣದ ದೋಷ

ಅಫಜಲಪುರದ ಮನೆಯಂಗಳದಲ್ಲಿ ಪ್ರೊಫೆಸರ್ ಜಗದೇವಪ್ಪ ಒಗೆದ ಕೌದಿಯ ಒಂದು ತುದಿ ಹಿಡಿದು ಹಿಂಡುತ್ತಿದ್ದರು. ಇನ್ನೊಂದು ತುದಿ ಹೆಂಡತಿ ಹೀರಾಬಾಯಿಯ ಕೈಯಲ್ಲಿತ್ತು. ಆಳಂದದ ಬಸ್ಸಿಳಿದು ಬಂದ ತಮ್ಮ ಸಂಶೋಧನಾ ವಿದ್ಯಾರ್ಥಿನಿ ಜಯಮಾಲಾಳನ್ನು ಕಂಡೂ ಅವರು ಕೌದಿ ಬಿಡಲಿಲ್ಲ. ಬಿಟ್ಟರೆ ಮಾತಾಡಬೇಕಾಗುತ್ತಿತ್ತು.

"ಸರ್, ಆ ಪತ್ರ ಕಳಿಸಿದ್ರೇನ್ರಿ?"

"ಕೌದಿ ಹಿಂಡಾಕತ್ತೇನಿ."

"ಹೋದ ಸಲ ಕೇಳಿದಾಗ ಊಟ ಮಾಡಾಕತ್ತಿದ್ರಿ."

"ಯಾವ ಪತ್ರನ ಯವ್ವಾ?" ಹೀರಾಬಾಯಿ ಕೇಳಿದರು.

"ಅಮ್ಮಾರ, ಅಣು ಗಾಳ್ಯಾಗ ಗರಗರ ತಿರುಗತಾವ್ರಿ. ಒಂದೊಂದರದು ಒಂದೊಂದು ನಮೂನಿ. ಮೈಕ್ರೋವೇವ್ ಹಾಯಿಸಿದ್ರ ಮಶೀನಿನ್ಯಾಗ ಗೆರಿ ಮೂಡ್ತಾವ. ಆ ಗೆರಿ ನೋಡಿ, ಇದು ಇಂಥಾ ಅಣು ಅಂತ ಗುರ್ತ ಹಿಡೀತೀವಿ. ಅಜವಾನದ ಅಣು ಹೊಸಾ ಆಕಾರದಾಗ ಸಿಕ್ತು ಅಂತ ಲೇಖನ ಬರದ್ವಿ, ವಿಜ್ಞಾನ ಪತ್ರಿಕ್ಯಾಗ ಅಚ್ಚೂ ಆತು."

"ಗೊತ್ತದ. ಜೇವರ್ಗ್ಯಾಗ ಇವರಿಗಿ ಶಾಲು ಹೊದಿಸ್ಯಾರಲ್ಲ."

"ಅದು ಅಜವಾನ ಅಲ್ರಿ. ಕರ್ಪೂರ."

ದಸರೆಯಲ್ಲಿ ಆಯುಧ, ಯಂತ್ರಗಳಿಗೆ ಮಾಡುವ ಖಂಡೇಪೂಜೆಯ ದಿನ ಪ್ರಯೋಗಾಲಯದ ಆ ಮಶೀನಿನ ಮುಚ್ಚಳ ತೆರೆದಿಟ್ಟು, ಬಾಯಿಗೇ ಆರತಿ ಹಿಡಿದವರು ಪ್ರೊಫೆಸರೇ. ಕರ್ಪೂರದ ಆವಿ ಒಳಗಿನ ನಳಿಗೆಯಲ್ಲಿ ಕೂತುಬಿಟ್ಟಿತ್ತು. ಹೀರಾಬಾಯಿ ಗಂಡನ ಮುಖ ನೋಡಿದರು. ಗಂಡ ಕೌದಿಗೆ ಇನ್ನೊಂದು ಸುತ್ತು ಕೊಟ್ಟರು. ನೀರು ಬರಲಿಲ್ಲ.

"ಮುಂದಿನ ತಿಂಗಳ ನನ್ನ ಪಿಎಚ್.ಡಿ. ವೈವಾ. ಎಲ್ಲಾರ ಮುಂದ ನಿಂತು ಸುಳ್ಳ ಹ್ಯಾಂಗ ಹೇಳ್ಲಿ ಸರ್? ನೀವು ಪತ್ರ ಕಳಿಸದ ಹೊರ್ತು ಲೇಖನ ವಾಪಸ್ ಬರಂಗಿಲ್ಲ."

"ನಿಂದೂ ಒಂದು ಅಧ್ಯಾಯ ಹೋಗ್ತದ, ತಿಳೀತಿಲ್ಲೋ?"

"ಹೋಗ್ಲಿ ಬಿಡ್ರಿ."

ಜಗದೇವಪ್ಪ ಕೌದಿಯನ್ನು ಹಗ್ಗದ ಮೇಲೆ ಹಾಕಿ ಫೋನು ತೆಗೆದರು. ಚಳಿಗಾಲದಲ್ಲೇ ಬರೆದ ಪತ್ರ ಬೇಸಿಗೆಯಾದರೂ ಅಲ್ಲೇ ಕೂತಿತ್ತು. ಓದಿದರು: "ಉಪಕರಣದ ದೋಷದಿಂದಾಗಿ ನಮ್ಮ ಲೇಖನವನ್ನು ಹಿಂಪಡೆಯುತ್ತಿದ್ದೇವೆ."

"ದೋಷ ಎಲ್ಲ್ಯದ ಸರ್? ಕರ್ಪೂರ ಇತ್ತು, ಕರ್ಪೂರಾನೇ ತೋರಿಸ್ತು."

"ಅಲ್ರೀ," ಹೀರಾಬಾಯಿ ಸೆರಗಿಗೆ ಕೈ ಒರೆಸಿಕೊಂಡರು. "ವಿಭೂತಿ ಹಚ್ಚಿ, ಹೂ ಏರಿಸಿ, ಕೈ ಮುಗದು ಬಂದೀರಿ. ಈಗ ಅದರ ಮ್ಯಾಲೇ ತಪ್ಪ ಹೊರಸ್ತೀರಿ? ಅದಕ್ಕ ಬಾಯಿ ಇಲ್ಲಂತ?"

ಪ್ರೊಫೆಸರ್ ಮೊದಲಿನ ಎರಡು ಶಬ್ದ ಅಳಿಸಿದರು. ಒದ್ದೆ ಹೆಬ್ಬೆರಳಿಗೆ ಅಕ್ಷರ ಮೂಡಲಿಲ್ಲ, ಧೋತರಕ್ಕೆ ಒರೆಸಿಕೊಂಡು ಮತ್ತೆ ಬರೆದರು: "ಪೂಜೆಯ ದಿನ ನಾನು ಹಚ್ಚಿದ ಕರ್ಪೂರದಿಂದಾಗಿ." ಜಯಮಾಲಾಗೆ ತೋರಿಸಿದರು. ಅವಳು ತಲೆಯಾಡಿಸಿದಳು. ಒತ್ತಿದರು.

ಪತ್ರ ಹೋಯಿತು. ಕಣ್ಣು ಮಿಟುಕಿಸುವುದರೊಳಗೆ ಪತ್ರಿಕೆಯ ಕಂಪ್ಯೂಟರು ತಾನಾಗಿಯೇ ಉತ್ತರ ಕಳಿಸಿತು: "ವಿಜ್ಞಾನಕ್ಕೆ ತಾವು ನೀಡಿದ ಅಮೂಲ್ಯ ಕೊಡುಗೆಗಾಗಿ ಧನ್ಯವಾದಗಳು."