ಖೂನ್ ಆಗಾಕತ್ತಾದ

“ದುಬಲಗುಂಡಿಯೊಳಗ, ತುಳಜಾರಾಮನ ಮನ್ಯಾಗ ಖೂನ್ ಆಗಾಕತ್ತಾದ. ಲಗೂ ಬರ್ರಿ.”

ಏದುಸಿರಿನ ದನಿ ಅಷ್ಟು ಹೇಳಿದ್ದೇ ಠಾಣೆಯ ಫೋನ್ ಕಟ್ಟಾಯಿತು.

‘ಆಗ್ಯಾದ’ ಎಂಬ ಖೂನುಗಳನ್ನು ಜಮಾದಾರ ಅಂಬರೀಷ ಬೇಕಾದಷ್ಟು ನೋಡಿದ್ದ. ‘ಆಗಾಕತ್ತಾದ’ ಎಂಬುದು ಇದೇ ಮೊದಲು. ಇನ್ನೂ ಮುಗಿಯದ ಕೊಲೆಯನ್ನು ಹಿಡಿಯುವ ಯೋಗ ಎಲ್ಲರಿಗೂ ಬರುವುದಿಲ್ಲ. ಮೀಸೆ ತಿರುವಿ ಜೀಪು ಹತ್ತಿದ.

ಜೀಪಿನ ಸದ್ದಿಗೆ ಓಣಿಯೆಲ್ಲ ಹೊರಗೆ ಬಂತು. ಪಕ್ಕದ ಮನೆಯ ಮಲ್ಲಿಕಾರ್ಜುನ ತನ್ನ ಹೊಸ ಕಾರಿಗೆ ಒರಗಿ ನಿಂತ. ಸೀಟಿನ ಪ್ಲಾಸ್ಟಿಕ್ ಇನ್ನೂ ತೆಗೆದಿರಲಿಲ್ಲ.

“ಗಂಡ-ಹೆಂಡ್ತಿ ದಿನಾ ಜಗಳಾಡ್ತಾರ್ರಿ,” ಎಂದ. “ಇವತ್ತೂ ಆಕಿ ‘ರಕ್ತ, ರಕ್ತ, ಗಾಡಿ ತಗೀರಿ’ ಅಂತ ಒದರಿದಳು. ನಾವ್ಯಾಕ ನಡುವ ಹೋಗೂದು?”

“ಫೋನ್ ಮಾಡಿದವ ನೀನೇನು?”

“ನಾ ಯಾಕ ಮಾಡ್ಲಿ ಸಾಹೇಬ್ರ? ಆಮ್ಯಾಲ ಸಾಕ್ಷಿ ಹೇಳಾಕ ಬರಬೇಕಾಗ್ತದ.”

ಅಂಬರೀಷ ಬಾಗಿಲು ಒದ್ದ. ಚಿಲಕ ಹಾಕಿರಲಿಲ್ಲ, ಹಾಗಾಗಿ ತಾನೇ ಒಳಗೆ ಮುಗ್ಗರಿಸಿದ.

ತುಳಜಾರಾಮ ನೆಲದ ಮೇಲೆ ಬಿದ್ದಿದ್ದ. ಹೆಂಡತಿ ಸತ್ಯಮ್ಮ ಮೊಣಕಾಲೂರಿ, ಮೈಭಾರವನ್ನೆಲ್ಲ ಹಾಕಿ, ಅವನ ತೊಡೆಯನ್ನು ಎರಡೂ ಕೈಗಳಿಂದ ಒತ್ತಿದ್ದಳು. ಅವಳ ಮೊಣಕೈವರೆಗೆ ರಕ್ತ. ಪಕ್ಕದಲ್ಲಿ ಕಬ್ಬು ಕಡಿಯುವ ಕೊಯ್ತಾ, ಅದಕ್ಕೂ ರಕ್ತ. ಒಂದು ಮೊಬೈಲು, ಅದಕ್ಕೂ.

“ಹಂದಾಡಿದ್ರ ಸತ್ತೆ ನೋಡು,” ಎಂದು ಗಂಡನಿಗೆ ಹೇಳುತ್ತಿದ್ದಳು.

ಅಂಬರೀಷನಿಗೆ ಇನ್ನೇನು ಬೇಕು? ಸಾಕ್ಷ್ಯವೆಂದು ಮೊಬೈಲನ್ನು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಿಸೆಗಿಳಿಸಿದ. ಅವಳ ರಟ್ಟೆ ಹಿಡಿದು ಎಳೆದ. ಕೈ ತೆಗೆದದ್ದೇ ತಡ, ರಕ್ತ ಚಿಮ್ಮಿ ಅವನ ಖಾಕಿಗೆ ಬಡಿಯಿತು.

“ಎಳದ್ರಿ? ಈಗ ನೀವ ಒತ್ರಿ.” ಸತ್ಯಮ್ಮ ಅವನ ಕೈಯನ್ನು ಗಾಯದ ಮೇಲೆ ಊರಿದಳು. “ಕೊಯ್ತಾಕ್ಕ ಹಿಡಿ ಹಾಕಾಕ ಹೋಗಿ ತೊಡಿಗೇ ಹಾಕ್ಕೊಂಡಾನ್ರಿ. ಆಂಬ್ಯುಲೆನ್ಸ್ ಬಸವಕಲ್ಯಾಣದ ಕಡೆ ಹೋಗ್ಯಾದಂತ. ಬರೂತನಕ ಒತ್ತಿ ಹಿಡಿ, ಕೈ ತಗೀಬ್ಯಾಡ ಅಂದಾರ. ಅಲ್ಲೀತನಕ ಇಂವ ಉಳಿಯಂಗಿಲ್ರಿ.” ಹೊರಗೆ ನಿಂತ ಜೀಪಿನ ಕಡೆ ಕೈ ತೋರಿಸಿದಳು.

ಕೊಲೆಗಾತಿಯನ್ನು ಹಿಡಿಯಲು ಬಂದ ಜಮಾದಾರ ಜೀಪಿನಲ್ಲಿ ಹುಮನಾಬಾದಿನ ಆಸ್ಪತ್ರೆಯವರೆಗೆ ಕೊಲೆಯಾದವನ ತೊಡೆ ಹಿಡಿದು ಕೂತ. ಕೈ ಜೋಮು ಹಿಡಿದರೂ ಸಡಿಲಿಸಲಿಲ್ಲ. ಸತ್ಯಮ್ಮ ಅವನ ಕೈಯನ್ನೇ ನೋಡುತ್ತಿದ್ದಳು. ದಾರಿಯುದ್ದಕ್ಕೂ ಗಂಡನನ್ನು ಬೈದಳು, ಅತ್ತಳು, ಮತ್ತೆ ಬೈದಳು.

ಆಸ್ಪತ್ರೆಯಲ್ಲಿ ಡಾಕ್ಟರ್ ನೂರೀನ್ ಹೊಲಿಗೆ ಹಾಕಿ ಹೊರಗೆ ಬಂದರು. “ಖೂನ್ ಭಾಳ ಹೋಗ್ಯಾದ,” ಎಂದರು.

“ಎಲ್ಲಿ ಖೂನ್ರಿ?” ಅಂಬರೀಷ ಎದ್ದು ನಿಂತ.

“ರಕ್ತ ಅಂದೆ, ಜಮಾದಾರ್ರ. ಉಳೀತಾನ. ಇನ್ನಷ್ಟು ತಡ ಆಗಿದ್ರ ನೀವು ಹುಡುಕೂ ಖೂನೇ ಆಗ್ತಿತ್ತು.”

ಸತ್ಯಮ್ಮ ಗೋಡೆಗೊರಗಿ ಕೂತಳು. ಅಂಬರೀಷನಿಗೆ ಈಗ ಸಿಟ್ಟು ಬಂತು. ಜೀವಂತ ಮನುಷ್ಯನ ಕೊಲೆಯ ಸುದ್ದಿ ಕೊಟ್ಟು ತನ್ನ ಖಾಕಿ ಕೆಡಿಸಿದ ಬದ್ಮಾಶ ಯಾರು? ಠಾಣೆಯಿಂದ ಆ ನಂಬರು ತರಿಸಿಕೊಂಡ. ನಾಲಗೆಯ ತುದಿಯಲ್ಲಿ ಬೈಗುಳ ಇಟ್ಟುಕೊಂಡೇ ಫೋನ್ ಹಚ್ಚಿದ.

ಅವನ ಕಿಸೆಯೊಳಗಿನ ಪ್ಲಾಸ್ಟಿಕ್ ಚೀಲ ರಿಂಗಾಯಿತು.

“ರಕ್ತ ಅಂದಾಗ ಯಾರೂ ಬರ್ಲಿಲ್ರಿ,” ಎಂದಳು ಸತ್ಯಮ್ಮ. “ಅದಕ್ಕ ಖೂನ್ ಅಂದೆ. ಸುಳ್ಳೇನ್ ಹೇಳಿಲ್ಲಲ್ರಿ?”